ಮೊದಲ ಬ್ಯಾಚಿನ ಗಾಡಿ

ಅಡಿಲೇಡ್, ಆಸ್ಟ್ರೇಲಿಯಾ
3 ಫೆಬ್ರವರಿ 1988

ಪ್ರೀತಿಯ ಆಲಿವ್,

ಕ್ರಿಸ್‌ಮಸ್ ಕಾರ್ಡಲ್ಲದೆ ಬೇರೆ ಕಾಗದ ನನ್ನಿಂದ ಬಂತೆಂದು ಯಾರೋ ಸತ್ತರು ಅಂದುಕೊಳ್ಳಬೇಡ. ಎಲ್ಲರೂ ಚೆನ್ನಾಗಿದ್ದೇವೆ, ಎಲ್ಲರೂ ಅಂದರೆ ನಾನೊಬ್ಬನೇ. ನನಗೆ ಒಂದು ವಿಷಯ ಬೇಕು. ನನ್ನ ಗಾಡಿ ಇದೆಯಾ?

ಹಿತ್ತಲಿನ ಬಟ್ಟೆ ಒಗೆಯುವ ಕೋಣೆಯಲ್ಲಿ ಬಿಟ್ಟು ಬಂದ ಪೆಂಡ್ರೆಲ್ ಮೋಟರ್‌ಸೈಕಲ್ಲು. ಐವತ್ತೊಂಬತ್ತರಲ್ಲಿ ಹಡಗು ಹತ್ತಲು ಹೊರಟ ದಿನ ಅದಕ್ಕೆ ಮಿಲಿಟರಿ ಕಂಬಳಿ ಹೊದಿಸಿ, ಅಪ್ಪನ ಮುಖಕ್ಕೇ ಹೇಳಿದ್ದೆ, "ಇದನ್ನ ಯಾರೂ ಮುಟ್ಟಬಾರದು" ಅಂತ. ನೀನೂ ಅಲ್ಲೇ ಇದ್ದೆ.

ಕಳೆದ ಭಾನುವಾರ ಇಲ್ಲಿ ಹಳೇ ಮೋಟರ್‌ಸೈಕಲ್ಲುಗಳ ಪ್ರದರ್ಶನವಿತ್ತು. ಲೋರಿಮರ್ ಎಂಬೊಬ್ಬ ಕುಳ ಸಿಕ್ಕಿದ. ಉಣ್ಣೆ ವ್ಯಾಪಾರದ ದುಡ್ಡು. ಅವನ ಗಾಡಿಗಳು ಮಲಗುವ ಶೆಡ್ಡು ನಾನು ಮಲಗುವ ಮನೆಗಿಂತ ಚೊಕ್ಕಟ. ಮಾತಿಗೆ ಮಾತು ಬಂದು, ಪೆಂಡ್ರೆಲ್‌ನ ಐನೂರು ಸಿಸಿ ಗಾಡಿ, ಐವತ್ತನೇ ಇಸವಿಯದು, ಮೊದಲ ಬ್ಯಾಚಿನದು ನನ್ನ ಹತ್ತಿರ ಇತ್ತು ಅಂದೆ. ಅವನು ಬಾಯಿಗೆ ಒಯ್ಯುತ್ತಿದ್ದ ಪೇಸ್ಟ್ರಿಯನ್ನು ಹಾಗೇ ಕೆಳಗಿಟ್ಟ. ಇತ್ತೋ, ಇದೆಯೋ ಎಂದು ಕೇಳಿದ. ನನ್ನ ತಂಗಿಯನ್ನು ಕೇಳಿ ಹೇಳುತ್ತೇನೆ ಅಂದೆ. ಅಂದಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿಲ್ಲ.

ಇದ್ದರೆ ದಯವಿಟ್ಟು ಒರೆಸಬೇಡ. ನಿನ್ನ ಕೈ ನನಗೆ ಗೊತ್ತು, ಬಾಗಿಲ ಮೆಟ್ಟಿಲನ್ನೂ ಬಿಡದೆ ಉಜ್ಜುವವಳು ನೀನು. ಇಂಥ ಗಾಡಿಯ ಮೇಲಿನ ಕೊಳೆಗೂ ಬೆಲೆ ಇದೆಯಂತೆ. ಎಂಜಿನ್ನಿನ ಎಡಗಡೆ ಒಂದು ನಂಬರು, ಫ್ರೇಮಿನ ಕತ್ತಿನ ಹತ್ತಿರ ಒಂದು ನಂಬರು ಕೊರೆದಿರುತ್ತದೆ. ಎರಡನ್ನೂ ಬರೆದು ಕಳಿಸು. ಬೇಗ.

ಕಾಗದ ಬರುವವರೆಗೆ ಅಂಚೆಯವನಿಗೆ ಕಾಟ ಕೊಡುವ,
ಕ್ಲಿಫ್


ಕ್ರೇಡ್ಲಿ ಹೀತ್
15 ಫೆಬ್ರವರಿ 1988

ಕ್ಲಿಫ್,

ಇಪ್ಪತ್ತೊಂಬತ್ತು ವರ್ಷದಲ್ಲಿ ಅಮ್ಮನ ಸಮಾಧಿಗೆ ಕಲ್ಲು ಹಾಕಿಸಿದೆಯಾ ಎಂದು ಕೇಳಲಿಲ್ಲ. ಅಪ್ಪ ಹೋದಾಗ ತಂತಿ ಕೊಟ್ಟೆ, ಅದಕ್ಕೂ ಉತ್ತರವಿಲ್ಲ. ಈಗ ಕಬ್ಬಿಣಕ್ಕೆ ಶೀತವಾಗಿದೆಯಾ ಎಂದು ವಿಚಾರಿಸುತ್ತಿದ್ದೀಯ. ಆಗಿಲ್ಲ. ಚೆನ್ನಾಗಿದೆ.

ಕಲ್ಲಿದ್ದಲ ಚೀಲ, ನನ್ನ ಗಂಡ ನಾರ್ಮನ್ನನ ಪಾರಿವಾಳದ ಬುಟ್ಟಿಗಳು, ಮುರಿದ ಮಡಚು ಕುರ್ಚಿ, ಎಲ್ಲ ಸರಿಸಿ ಒಳಗೆ ಹೋದೆ. ಕಂಬಳಿಯ ಮೇಲೆ ಬೆರಳುದ್ದ ಧೂಳು. ತುದಿ ಎತ್ತಿ ಟಾರ್ಚು ಹಾಕಿದೆ. ಎಂಜಿನ್ನಿನ ಮೇಲೆ 87, ಕತ್ತಿನ ಮೇಲೂ 87. ಒರೆಸಿಲ್ಲ. ಒರೆಸದೆ ಬಂದದ್ದಕ್ಕೆ ನನ್ನ ಕೈ ಇನ್ನೂ ತುರಿಸುತ್ತಿದೆ.

ನೀನು ಕೇಳದ ಇನ್ನೊಂದು ವಿಷಯ. ನಮ್ಮ ಸಾಲಿನ ಒಗೆಯುವ ಕೋಣೆಗಳನ್ನೆಲ್ಲ ಜೂನ್ ಕೊನೆಗೆ ಕೆಡವುತ್ತಾರಂತೆ, ಮುನಿಸಿಪಾಲಿಟಿಯವರು ಬಂದು ಹೇಳಿ ಹೋದರು. ಅಷ್ಟರೊಳಗೆ ಗಾಡಿ ಹೊರಗೆ ಬರಬೇಕು. ಮನೆಯೊಳಗೆ ತರಲು ನಾರ್ಮನ್ ಒಪ್ಪುವುದಿಲ್ಲ.

ಅದು ಸರಿ, ಮೊದಲ ಬ್ಯಾಚಿಗೆ ಇಷ್ಟು ಮರ್ಯಾದೆ ಯಾಕೆ? ಎಲ್ಲ ಕಡೆ ಎಣ್ಣೆ ಸೋರುತ್ತಿತ್ತು. ಅಮ್ಮ ಅದರ ಕೆಳಗೆ ರೊಟ್ಟಿಯ ತಟ್ಟೆ ಇಡುತ್ತಿದ್ದಳು. ನನ್ನ ಮೊಣಕಾಲಿನ ವಿಷಯ ನಾನು ಎತ್ತುವುದಿಲ್ಲ.

ಕೈ ತೊಳೆದು ಬರೆದ,
ಆಲಿವ್


ಅಡಿಲೇಡ್
26 ಫೆಬ್ರವರಿ 1988

ಆಲಿವ್, ನನ್ನ ಬಂಗಾರ,

ಎಂಬತ್ತೇಳು, ಎಂಬತ್ತೇಳು! ಲೋರಿಮರ್‌ಗೆ ಫೋನ್ ಮಾಡಿದೆ. ಎರಡು ನಂಬರನ್ನೂ ಮೂರು ಸಲ ಹೇಳಿಸಿಕೊಂಡ.

ಮರ್ಯಾದೆ ಯಾಕೆ ಎಂದು ಕೇಳಿದೆಯಲ್ಲ, ನಾನೂ ಅವನನ್ನು ಕೇಳಿದೆ. ಮೊದಲ ಇನ್ನೂರು ಗಾಡಿ ಮಾಡುವಾಗ ಕಾರ್ಖಾನೆಯಲ್ಲಿ ಸರಿಯಾದ ಅಚ್ಚುಗಳೇ ಇರಲಿಲ್ಲ. ಎಂಜಿನ್ನಿನ ಹೊರ ಕವಚವನ್ನು ಮರಳಲ್ಲಿ ಎರಕ ಹೊಯ್ದು, ಕೈಯಲ್ಲೇ ಅರದಿಂದ ಉಜ್ಜಿ ಕೂರಿಸುತ್ತಿದ್ದರು. ಒಂದರ ಹಾಗೆ ಇನ್ನೊಂದಿಲ್ಲ. ಮುಟ್ಟಿ ನೋಡು, ಕಿತ್ತಳೆ ಸಿಪ್ಪೆಯ ಹಾಗೆ ತರಿತರಿ. ಆಮೇಲೆ ದೂರುಗಳು ಬಂದವು. ಮುಂದಿನ ಚಕ್ರ ಹಿಡಿದಿರುವ ಫೋರ್ಕು ಸಿಕ್ಕಿಕೊಳ್ಳುತ್ತದೆ, ಟ್ಯಾಂಕು ಬಿರಿಯುತ್ತದೆ, ಬ್ರೇಕು ಹಿಡಿಯುವುದಿಲ್ಲ. ಕಾರ್ಖಾನೆ ಎಲ್ಲವನ್ನೂ ವಾಪಸ್ ಕರೆಸಿ ಬಿಟ್ಟಿಯಾಗಿ ಬದಲಾಯಿಸಿ ಕೊಟ್ಟಿತು. ಬುದ್ಧಿ ಇದ್ದವರೆಲ್ಲ ಒಯ್ದು ಬದಲಾಯಿಸಿಕೊಂಡರು. ಹಾಗಾಗಿ ಹುಟ್ಟಿದ ಹಾಗೇ ಉಳಿದದ್ದು ಈಗ ಬೆರಳೆಣಿಕೆಯಷ್ಟು. ಲೋರಿಮರ್ ಒಂದು ಮಾತು ಹೇಳಿದ. ಮೊದಲ ಬ್ಯಾಚಿನಲ್ಲಿ ಮಾಡಿದವನ ಆಸೆ ಕಾಣುತ್ತದೆಯಂತೆ, ಆಮೇಲಿನವುಗಳಲ್ಲಿ ಕೊಂಡವರ ದೂರು ಕಾಣುತ್ತದೆಯಂತೆ. ನನಗೆ ಅದು ತುಂಬ ಹಿಡಿಸಿತು.

ಅಪ್ಪ ಇದ್ದದ್ದೇ ಆ ದೂರಿನ ವಿಭಾಗದಲ್ಲಿ ಅಲ್ಲವೇ? ಕೆಟ್ಟು ವಾಪಸ್ ಬಂದ ಗಾಡಿಗಳ ಮುಖವನ್ನೇ ದಿನಾ ನೋಡುತ್ತಿದ್ದವನು. ತುಕ್ಕು ಹಿಡಿದು ಕೂತ ಬೋಲ್ಟು ಸಿಕ್ಕಿದರೆ, ಗ್ರೀಸು ಹಚ್ಚದೆ ಬಿಗಿದವನ ವಂಶವನ್ನೇ ಜಾಲಾಡುತ್ತಿದ್ದ. "ಮೊದಲನೇ ಬ್ಯಾಚು ತಗೋಬೇಡ, ಎರಡು ವರ್ಷ ತಡಿ" ಅಂದ. ನಾನು ತಡೆಯಲಿಲ್ಲ. ಆಮೇಲೆ ಒಂಬತ್ತು ವರ್ಷ ಊಟಕ್ಕೆ ಕೂತಾಗಲೆಲ್ಲ ಅದೇ ರಾಗ. ಕಾರ್ಖಾನೆಗೆ ತಾ, ಫೋರ್ಕು ಬದಲಾಯಿಸೋಣ. ನಾನು ಕೊಡಲಿಲ್ಲ. ಈಗ ನೋಡು, ನನ್ನ ಹಠದಿಂದಲೇ ಅದು ಉಳಿಯಿತು. ಬದುಕಿನಲ್ಲಿ ಒಂದೇ ಒಂದು ಸಲ ನಾನು ಸರಿ, ಅವನು ತಪ್ಪು.

ಲೋರಿಮರ್ ಕೊಡುತ್ತೇನೆಂದ ಮೊತ್ತದಲ್ಲಿ ಪುಟ್ಟದೊಂದು ಸ್ವಂತ ಮನೆ ಬರುತ್ತದೆ. ಇಲ್ಲಿಗೆ ಬಂದ ಮೇಲೆ ಎಷ್ಟು ಬಾಡಿಗೆ ಮನೆ ಬದಲಾಯಿಸಿದೆನೋ ನನಗೇ ಮರೆತಿದೆ. ಈಗಿನದನ್ನೂ ಬಿಡುತ್ತೇನೆಂದು ಹೇಳಿಬಿಟ್ಟೆ.

ಒಂದು ಕೆಲಸ ಮಾಡು. ಮುಂದಿನ ಫೋರ್ಕು ನೋಡಿ ಹೇಳು. ಎರಡು ಸ್ಪ್ರಿಂಗು ಹೊರಗೇ ಕಾಣಬೇಕು, ಮೇಲೆ ಕೊಳವೆಯ ಮುಚ್ಚಿಗೆ ಇರಬಾರದು. ಟ್ಯಾಂಕಿನ ನಡುವೆ ಉಬ್ಬಿದ ಬೆಸುಗೆ ಇರಬೇಕು.

ಗೆದ್ದ,
ಕ್ಲಿಫ್


ಕ್ರೇಡ್ಲಿ ಹೀತ್
12 ಮಾರ್ಚ್ 1988

ಕ್ಲಿಫ್,

ಕೂತುಕೊಂಡು ಓದು.

ನಿನ್ನ ಕಾಗದ ಒಂದು ಕೈಯಲ್ಲಿ, ಟಾರ್ಚು ಇನ್ನೊಂದು ಕೈಯಲ್ಲಿ ಹಿಡಿದು ನೋಡಿದೆ. ಸ್ಪ್ರಿಂಗು ಕಾಣುವುದಿಲ್ಲ. ಎರಡೂ ಕಡೆ ಕಪ್ಪು ಕೊಳವೆಯಿದೆ. ಟ್ಯಾಂಕು ನುಣ್ಣಗಿದೆ, ಉಬ್ಬಿಲ್ಲ. ಎಂಜಿನ್ ಮಾತ್ರ ನೀನು ಹೇಳಿದ ಹಾಗೆ ತರಿತರಿ.

ನನಗೆ ಗೊತ್ತಾಗದೆ ಸಿಡ್ ಟ್ರೋಮನ್ಸ್‌ನನ್ನು ಕರೆದೆ. ಅಪ್ಪನ ಪಕ್ಕದ ಬೆಂಚಿನಲ್ಲಿ ಕೆಲಸ ಮಾಡುತ್ತಿದ್ದನಲ್ಲ, ಅದೇ ಸಿಡ್. ಈಗ ಎರಡು ಕೋಲು ಹಿಡಿದು ನಡೆಯುತ್ತಾನೆ, ನಾಲಿಗೆಗೆ ಮಾತ್ರ ಕೋಲು ಬೇಡ. ಕಂಬಳಿ ತೆಗೆದದ್ದೇ ತಡ, ನಗಲು ಶುರು ಮಾಡಿದ. ಸ್ವಲ್ಪ ಹೊತ್ತಿಗೆ ನಗು ನಿಂತಿತು. ಕಲ್ಲಿದ್ದಲ ಚೀಲದ ಮೇಲೇ ಕೂತುಬಿಟ್ಟ.

"ನಿಮ್ಮಪ್ಪ ಭಾನುವಾರ ಚಾಪೆಲ್‌ಗೆ ಬರೋದು ಬಿಟ್ಟಿದ್ನಲ್ಲ, ಎಲ್ಲಿಗೆ ಹೋಗ್ತಿದ್ದ ಅಂದ್ಕೊಂಡಿದ್ದೆ ನೀನು, ಹುಡುಗಿ? ಇಲ್ಲಿಗೇ."

ನಿನಗೆ ಗೊತ್ತಿಲ್ಲ, ನೀನು ಹೋದ ಮೇಲೆ ಅಪ್ಪ ಭಾನುವಾರದ ಪ್ರಾರ್ಥನೆಗೆ ಬರುವುದನ್ನೇ ಬಿಟ್ಟ. ಅವನ ಭಕ್ತಿ ಹೋಯಿತು ಎಂದು ಅಮ್ಮ ಎಷ್ಟು ಅತ್ತಳು. ಪಾದ್ರಿ ಕೇಳಿದರೆ ಎದೆನೋವು ಎಂದು ಸುಳ್ಳು ಹೇಳುತ್ತಿದ್ದಳು. ನಾವು ಹಾಡು ಹೇಳುತ್ತಿದ್ದಾಗ ಅಪ್ಪ ಹಿತ್ತಲಲ್ಲಿ ಬಾಗಿಲು ಹಾಕಿಕೊಂಡು ನಿನ್ನ ಗಾಡಿ ರಿಪೇರಿ ಮಾಡುತ್ತಿದ್ದನಂತೆ. ಮೊದಲು ಫೋರ್ಕು. ಆಮೇಲೆ ಬ್ರೇಕು, ಟ್ಯಾಂಕು. ನಿನ್ನ ಗಾಡಿಯನ್ನು ಕಾರ್ಖಾನೆಗೆ ಒಯ್ಯುವಂತಿರಲಿಲ್ಲ, ನೀನು ಮುಟ್ಟಬೇಡ ಅಂದಿದ್ದೆ. ಅದಕ್ಕೆ ಸಂಬಳದಲ್ಲಿ ಹಿಡಿಸಿಕೊಂಡು ಒಂದೊಂದೇ ಸಾಮಾನು ಮನೆಗೆ ತಂದ. ಕಾರ್ಖಾನೆ ಮುಚ್ಚುವವರೆಗೂ ಇದೇ ನಡೆಯಿತು ಎಂದ ಸಿಡ್.

ಯಾಕೆ ಎಂದು ಕೇಳಿದೆ. ಸಿಡ್ ಅಪ್ಪನ ದನಿಯಲ್ಲೇ ಹೇಳಿದ, "ಹುಡುಗ ವಾಪಸ್ ಬಂದ್ರೆ ಮೊದಲು ಅದನ್ನೇ ಹತ್ತೋದು. ಬೀಳಬಾರದು."

ನನಗೆ ಇದು ಗೊತ್ತಿರಲಿಲ್ಲ ಕ್ಲಿಫ್. ಅಮ್ಮನಿಗೂ ಗೊತ್ತಿರಲಿಲ್ಲ. ಅವಳಿಗೆ ಗೊತ್ತಾಗಿದ್ದರೆ ಎಂದು ಮೂರು ದಿನದಿಂದ ಒಲೆ ಮುಂದೆ ನಿಂತು ಅಳುತ್ತಿದ್ದೇನೆ.

ಆಲಿವ್


ಅಡಿಲೇಡ್
23 ಮಾರ್ಚ್ 1988

ಆಲಿವ್,

ಬೀಳಬಾರದಂತೆ. ನಾನು ಬಿದ್ದದ್ದು ಸಾಲದೆಂದು ಈಗ ಕೂತಲ್ಲೇ ಬೀಳಿಸಿದ.

ಮುಟ್ಟಬೇಡ ಅಂದಿದ್ದೆ. ಒಂದೇ ಮಾತು. ಅದು ನನ್ನದು, ನಾನು ಅಪ್ರೆಂಟಿಸ್ ಆಗಿದ್ದಾಗಿನ ದುಡಿಮೆಯಿಂದ ಕೊಂಡದ್ದು, ಆ ಮನೆಯಲ್ಲಿ ಅವನ ಮಾತು ನಡೆಯದಿದ್ದ ಒಂದೇ ವಸ್ತು. ನಾನು ಬೆನ್ನು ತಿರುಗಿಸಿದ ಕೂಡಲೇ ಅದನ್ನೂ ತನ್ನ ಹಾಗೆ ಮಾಡಿಕೊಂಡ. ನನ್ನನ್ನು ತಿದ್ದಲಾಗಲಿಲ್ಲ, ಗಾಡಿಯನ್ನು ತಿದ್ದಿದ. ಸತ್ತು ಹದಿನಾಲ್ಕು ವರ್ಷವಾದ ಮೇಲೂ ಅವನೇ ಗೆದ್ದ ನೋಡು. ಬದಲಾಯಿಸಿದ ಗಾಡಿ ಲೋರಿಮರ್‌ಗೆ ಬೇಡ. ಅಂಥವು ಬೇಕಾದಷ್ಟಿವೆಯಂತೆ, ಊರಿಗೊಂದು.

ಅಳಬೇಡ. ಅತ್ತರೆ ನನಗೆ ಸಿಟ್ಟು ಮಾಡಲೂ ಆಗುವುದಿಲ್ಲ.

ಹಳೇ ಸಾಮಾನು ಎಲ್ಲಿ? ಅಪ್ಪ ಬಾಗಿದ ಮೊಳೆಯನ್ನೂ ಬಿಸಾಕಿದವನಲ್ಲ. ಫೋರ್ಕು, ಟ್ಯಾಂಕು, ಬ್ರೇಕು ಎಲ್ಲೋ ಇರಲೇಬೇಕು. ಆ ಕೋಣೆ ಪೂರ್ತಿ ಹುಡುಕು. ಸಿಡ್‌ನನ್ನು ಕೇಳು. ಸಿಕ್ಕಿದರೆ ಎಲ್ಲ ವಾಪಸ್ ಕೂರಿಸಬಹುದು, ಅಪ್ಪ ಮುಟ್ಟೇ ಇಲ್ಲ ಅನ್ನುವ ಹಾಗೆ.

ಕ್ಲಿಫ್


ಅಡಿಲೇಡ್
19 ಏಪ್ರಿಲ್ 1988

ಆಲಿವ್,

ನಿನ್ನಿಂದ ಉತ್ತರವಿಲ್ಲ. ಕಳೆದ ಕಾಗದ ಒರಟಾಯಿತು, ಗೊತ್ತು. ಅಂಚೆಗೆ ಹಾಕಿ ಮನೆಗೆ ಬರುವಷ್ಟರಲ್ಲೇ ಗೊತ್ತಾಯಿತು. ಆದರೂ ಉತ್ತರ ಬರೆ.

ನಾನು ಪೆಟ್ಟಿಗೆಗಳ ನಡುವೆ ಬದುಕುತ್ತಿದ್ದೇನೆ. ಒಂದು ತಟ್ಟೆ, ಒಂದು ಲೋಟ ಹೊರಗಿಟ್ಟು ಉಳಿದದ್ದೆಲ್ಲ ಕಟ್ಟಿಬಿಟ್ಟೆ. ಮನೆಯ ಯಜಮಾನ ತಿಂಗಳ ಕೊನೆಯವರೆಗೆ ಎಂದಿದ್ದ, ಬೇಡಿಕೊಂಡು ಜೂನ್‌ವರೆಗೆ ಎಳೆದಿದ್ದೇನೆ. ಲೋರಿಮರ್ ಎರಡು ಸಲ ಫೋನ್ ಮಾಡಿದ. ಮೂಲ ಸಾಮಾನುಗಳು ಇದ್ದರೆ ಅವನ ಮಾತಿಗೆ ಅವನು ಬದ್ಧ, ಸುಮ್ಮನೆ ಕಾಯಲು ಮಾತ್ರ ಆಗುವುದಿಲ್ಲವಂತೆ. ಬಿಚ್ಚುವುದೂ ಸುಲಭವಲ್ಲ. ಇಪ್ಪತ್ತೈದು ವರ್ಷ ಒದ್ದೆ ಕೋಣೆಯಲ್ಲಿ ನಿಂತ ಬೋಲ್ಟುಗಳು, ಒಂದೂ ಅಲ್ಲಾಡಲಿಕ್ಕಿಲ್ಲ.

ನಿನ್ನೆ ಅಂಗಡಿಯಲ್ಲಿ ಬಟಾಣಿ ಕೊಳ್ಳುತ್ತಿದ್ದೆ. ಅಮ್ಮ ಶನಿವಾರ ಮಾಂಸದುಂಡೆಯ ಜೊತೆ ಬೇಯಿಸುತ್ತಿದ್ದ ಬೂದು ಬಟಾಣಿ ನೆನಪಾಯಿತು. ಇಲ್ಲಿ ಸಿಗುವುದಿಲ್ಲ. ಯಾಕೆ ಬರೆಯುತ್ತಿದ್ದೇನೋ ಗೊತ್ತಿಲ್ಲ.

ನಿನ್ನ ಅಣ್ಣ,
ಕ್ಲಿಫ್


ಕ್ರೇಡ್ಲಿ ಹೀತ್
4 ಮೇ 1988

ಕ್ಲಿಫ್,

ಸಾಮಾನು ಸಿಕ್ಕಿ ಮೂರು ವಾರವಾಯಿತು. ಬರೆಯಲು ಮನಸ್ಸು ಬರಲಿಲ್ಲ. ಬರೆದರೆ ನೀನು ಅದನ್ನು ಬಿಚ್ಚಿಸುತ್ತೀಯ. ಬರೆಯದಿದ್ದರೆ ನಿನಗೆ ಮನೆ ಇಲ್ಲ. ನಾರ್ಮನ್ ಹೇಳಿದ, "ಗಾಡಿ ಅವನದು, ನಿಂದಲ್ಲ. ಬರಿ." ವರ್ಷಕ್ಕೊಂದು ಸಲ ಅವನು ಬುದ್ಧಿಯ ಮಾತಾಡುತ್ತಾನೆ.

ಅಮ್ಮ ಬಟ್ಟೆ ಕುದಿಸುತ್ತಿದ್ದ ತಾಮ್ರದ ಹಂಡೆ ನೆನಪಿದೆಯಾ? ಅವಳಿಗೆ ಬಟ್ಟೆ ಒಗೆಯುವ ಮಷೀನು ಬಂದ ಮೇಲೆ ಅದರ ಮುಚ್ಚಳವನ್ನು ಯಾರೂ ತೆಗೆದಿರಲಿಲ್ಲ. ಟ್ಯಾಂಕು, ಬ್ರೇಕು, ಸಣ್ಣಪುಟ್ಟದ್ದೆಲ್ಲ ಅದರಲ್ಲಿದೆ. ಫೋರ್ಕು ಅದರ ಹಿಂದೆ ಗೋಡೆಗೆ ಒರಗಿಸಿತ್ತು, ನಮ್ಮ ಮುಂಗೋಣೆಯ ಹಳೇ ಪರದೆ ಸುತ್ತಿ. ಒಂದೊಂದಕ್ಕೂ ಗ್ರೀಸು ಬಳಿದು ಬಟ್ಟೆ ಸುತ್ತಿದ್ದಾನೆ. ಬಟ್ಟೆ ಯಾವುದು ಗೊತ್ತಾ? ಅಮ್ಮನ ಏಪ್ರನ್ನು, ನನ್ನ ಹಳೇ ಲಂಗ, ನಿನ್ನ ಶಾಲೆಯ ಅಂಗಿಗಳು. ಒಂದಿಷ್ಟೂ ತುಕ್ಕಿಲ್ಲ.

ಕೆಟ್ಟ ಸಾಮಾನನ್ನು ಯಾಕೆ ಇಷ್ಟು ಜೋಪಾನ ಮಾಡಿದ ಎಂದು ಸಿಡ್‌ನನ್ನು ಕೇಳಿದೆ. ಅಪ್ಪನಂಥವನಿಗೆ ಆ ಫೋರ್ಕು ಕಂಡರೆ ಆಗುತ್ತಿರಲಿಲ್ಲ, ನೀನೂ ನಾನೂ ಬ್ರಿಜ್‌ನಾರ್ತ್ ಇಳಿಜಾರಿನಲ್ಲಿ ಗಾಡಿಯಿಂದ ಬಿದ್ದು ನನ್ನ ಮೊಣಕಾಲು ಮುರಿದ ಮೇಲಂತೂ. ಸಿಡ್‌ಗೂ ಆಗ ಇದೇ ಅನುಮಾನ ಬಂದಿತ್ತಂತೆ, ಗುಜರಿಗೆ ಹಾಕು ಎಂದಿದ್ದನಂತೆ. ಅಪ್ಪ ಒಪ್ಪಲಿಲ್ಲ.

"ಬಂದ ತಕ್ಷಣ ಜಗಳ ತೆಗೀತಾನೆ, ನನ್ನ ಸಾಮಾನೆಲ್ಲಿ ಅಂತಾನೆ. ಕೇಳಿದಾಗ ಕೈಗೆ ಕೊಡಬೇಕು. ಹಾಕ್ಕೊಳ್ಳೋದು ಬಿಡೋದು ಅವನಿಷ್ಟ."

ಅಪ್ಪ ಹೇಳಿದ್ದು ಇದು. ನೀನು ಸಿಟ್ಟಾಗುತ್ತೀಯ ಎಂದು ಅವನಿಗೆ ಗೊತ್ತಿತ್ತು. ಗೆಲ್ಲುವವನು ಹೀಗೆ ಮಾಡುತ್ತಾನಾ, ನೀನೇ ಹೇಳು.

ಎಲ್ಲ ವಾಪಸ್ ಕೂರಿಸಬಹುದು, ಗಾಡಿ ಹುಟ್ಟಿದ ದಿನದ ಹಾಗೆ ಆಗುತ್ತದೆ ಎನ್ನುತ್ತಾನೆ ಸಿಡ್. ಲೋರಿಮರ್ ಬಂದರೂ ಅಪ್ಪನ ಗುರುತು ಸಿಗುವುದಿಲ್ಲ. ಆದರೆ ಸಿಡ್ ಕೈ ಹಾಕುವುದಿಲ್ಲ. ನಿಮ್ಮಪ್ಪ ಜೋಸೈಯ ಹಾಕಿದ್ದನ್ನ ನಾನು ಬಿಚ್ಚಲ್ಲ, ಬೇಕಾದ್ರೆ ಅವನ ಮಗನೇ ಬಂದು ಬಿಚ್ಚಲಿ ಎಂದು ಕೋಲು ಊರಿಕೊಂಡು ಹೋದ.

ನಾನೂ ಯೋಚಿಸಿದೆ. ನೀನು ಅಪ್ಪ ಅಮ್ಮನ ಮೊದಲ ಬ್ಯಾಚು. ನಿನ್ನಲ್ಲಿ ಮಾಡಿದ ತಪ್ಪನ್ನೆಲ್ಲ ನನ್ನಲ್ಲಿ ಸರಿಮಾಡಿಕೊಂಡರು. ಹಾಗಾಗಿ ನಾನು ಊರಿಗೊಂದು ಸಿಗುವಂಥವಳು, ನಿನ್ನಂಥದ್ದು ಬೇರೆಲ್ಲೂ ಇಲ್ಲ. ಅಪ್ಪನಿಗೂ ಇದು ಗೊತ್ತಿತ್ತು ಅನಿಸುತ್ತದೆ.

ಹಿಂದಿನ ರೂಮಿನ ಹಾಸಿಗೆಗೆ ಬಿಸಿಲು ತೋರಿಸಿದ್ದೇನೆ.

ಆಲಿವ್


ಅಡಿಲೇಡ್
16 ಮೇ 1988

ಆಲಿವ್,

ಬರುತ್ತಿದ್ದೇನೆ. ಜೂನ್ ಮೊದಲ ವಾರ. ಸ್ಪ್ಯಾನರುಗಳನ್ನು ತರುತ್ತಿದ್ದೇನೆ. ಲೋರಿಮರ್‌ಗೆ ಹೇಳಿದ್ದೇನೆ, ನಿನ್ನ ವಿಳಾಸವನ್ನೂ ಕೊಟ್ಟಿದ್ದೇನೆ.

ಏನನ್ನೂ ಒರೆಸಬೇಡ.

ಕ್ಲಿಫ್


ಬಾರ್ಮತ್, ವೇಲ್ಸ್
26 ಜೂನ್ 1988

ಆಲಿವ್,

ಬೆಳಗ್ಗೆ ನೀನು ಚಾಪೆಲ್‌ಗೆ ಹೋದಾಗ ಹೇಳದೆ ಹೊರಟುಬಿಟ್ಟೆ, ಬೈಯಬೇಡ. ಹೇಳಿದ್ದರೆ ನೀನು ದಾರಿಗೆಂದು ಬ್ರೆಡ್ ಪುಡಿಂಗ್ ಕಟ್ಟಿಕೊಡುವ ನೆಪದಲ್ಲಿ ಒಂದು ಗಂಟೆ ನಿಲ್ಲಿಸುತ್ತಿದ್ದೆ, ಅಷ್ಟರಲ್ಲಿ ನನ್ನ ಮನಸ್ಸು ಬದಲಾಗುತ್ತಿತ್ತು. ನಾವು ಸಣ್ಣವರಿದ್ದಾಗ ಕಾರ್ಖಾನೆಗೆ ರಜೆ ಕೊಟ್ಟ ವಾರ ಎಲ್ಲರೂ ಬರುತ್ತಿದ್ದ ಅದೇ ಕಡಲ ದಂಡೆಯಲ್ಲಿ ಕೂತು ಬರೆಯುತ್ತಿದ್ದೇನೆ. ಗಾಡಿ ಎದುರಿಗಿದೆ. ಕೆಳಗೆ ಒಂದು ಹನಿ ಎಣ್ಣೆಯಿಲ್ಲ.

ಈ ಮೂರು ವಾರ ನಿನ್ನ ಮನೆಯಲ್ಲಿ ನಾನು ಸರಿಯಾಗಿ ಮಾತಾಡಲಿಲ್ಲ. ಹಿತ್ತಲಿಗೆ ಹೋಗುವುದು, ಬರುವುದು, ಮತ್ತೆ ಹೋಗುವುದು. ನೀನು ಚಹಾ ತಂದಿಟ್ಟು ಹೋದೆ. ಆ ಕೋಣೆಯಲ್ಲಿ ಏನಾಯಿತು ಎಂದು ಎದುರಿಗೆ ಹೇಳಲು ನನಗೆ ಬಾಯಿ ಬರುವುದಿಲ್ಲ, ಬರೆಯುತ್ತೇನೆ.

ಅಪ್ಪ ಹಾಕಿದ್ದನ್ನು ಬಿಚ್ಚುವುದೆಂದು ಶುಕ್ರವಾರ ನಿರ್ಧಾರ ಮಾಡಿದೆ. ಹಳೇ ಫೋರ್ಕನ್ನು ನೆಲದ ಮೇಲೆ ಮಲಗಿಸಿದೆ, ದೊಡ್ಡ ಸ್ಪ್ಯಾನರು ತಗೊಂಡೆ. ಬೋಲ್ಟು ಅಲ್ಲಾಡುವುದಿಲ್ಲ ಎಂದು ಗೊತ್ತಿತ್ತು, ಅದಕ್ಕೆ ಸಿಟ್ಟನ್ನೆಲ್ಲ ತೋಳಿಗೆ ತಂದುಕೊಂಡು ಎಳೆದೆ. ಮೊದಲ ಎಳೆತಕ್ಕೇ ಅದು ಬಂತು. ನಾನು ಹಿಂದಕ್ಕೆ ಹೋಗಿ ಹಂಡೆಗೆ ಬಡಿದುಕೊಂಡೆ. ಎರಡನೆಯದು ಬೆರಳಲ್ಲೇ ತಿರುಗಿತು. ಮೂರನೆಯದೂ ಹಾಗೇ. ತೆಗೆದು ಬೆಳಕಿಗೆ ಹಿಡಿದರೆ ತಿರುಪಿನ ಸುತ್ತುಗಳ ತುಂಬ ಗ್ರೀಸು, ಒಳ್ಳೇ ದಪ್ಪ ಗ್ರೀಸು, ಇನ್ನೂ ಒಣಗಿಲ್ಲ.

ಆಲಿವ್, ತುಕ್ಕು ಹಿಡಿಯದಿರಲಿ ಎಂದು ಇಷ್ಟು ಯಾರೂ ಹಚ್ಚುವುದಿಲ್ಲ. ಮುಂದೆ ಬಿಚ್ಚುವವನಿಗೆ ಕಷ್ಟವಾಗಬಾರದು ಎಂದು ಹಚ್ಚಿದ್ದಾನೆ. ಬಿಚ್ಚುವವನು ಯಾರು ಎಂದು ಅವನಿಗೆ ಗೊತ್ತಿತ್ತು. ನಾನು ಅವನ ಕೆಲಸವನ್ನು ಸಿಟ್ಟಿನಿಂದ ಬಿಚ್ಚುತ್ತೇನೆ ಎಂದು ಗೊತ್ತಿದ್ದೂ ನನ್ನ ಕೈ ನೋಯಬಾರದೆಂದು ನೋಡಿಕೊಂಡ.

ಆ ಕಲ್ಲಿದ್ದಲ ಚೀಲದ ಮೇಲೆ ಕೂತು ಅತ್ತೆ. ಅವನು ಸತ್ತ ಸುದ್ದಿ ಬಂದಾಗ ಅಳಬೇಕಿತ್ತು, ಆಗ ಆಗಿರಲಿಲ್ಲ. ಆಮೇಲೆ ಮೂರೂ ಬೋಲ್ಟು ವಾಪಸ್ ಹಾಕಿ ಬಿಗಿದೆ. ಗ್ರೀಸು ಹೊಸದಾಗಿ ಹಚ್ಚಿದೆ.

ಶನಿವಾರ ಸಿಡ್ ಬಂದು ಎಲ್ಲ ನೋಡಿ ಓಡಿಸಬಹುದು ಎಂದ. ಲೋರಿಮರ್‌ಗೆ ಇನ್ನೂ ತಿಳಿಸಿಲ್ಲ, ಧೈರ್ಯ ಸಾಲಲಿಲ್ಲ. ಸ್ವಂತ ಮನೆಯ ಆಸೆ ಕೈಬಿಟ್ಟು ಹೋಯಿತು, ಅದಕ್ಕೆ ನೋವಿಲ್ಲ ಎಂದರೆ ಸುಳ್ಳು. ಮುಂದೆ ಎಲ್ಲಿರುತ್ತೇನೋ ಗೊತ್ತಿಲ್ಲ.

ಬ್ರಿಜ್‌ನಾರ್ತ್ ಇಳಿಜಾರಿನ ಮೂಲಕವೇ ಬಂದೆ. ಆ ತಿರುವಿನಲ್ಲಿ ನಿಧಾನ ಮಾಡಬೇಕು ಅಂದುಕೊಂಡಿದ್ದೆ, ಮಾಡಲಿಲ್ಲ. ಫೋರ್ಕು ತಗ್ಗಿತು, ಎದ್ದಿತು, ಗಾಡಿ ಸುಮ್ಮನೆ ತಿರುಗಿತು. ಅಷ್ಟೇ. ಅಪ್ಪ ಹೇಳಿದ ಹಾಗೆ ಆಗ ಕೊಟ್ಟಿದ್ದರೆ ನಿನ್ನ ಮೊಣಕಾಲು ಸರಿಯಾಗಿರುತ್ತಿತ್ತು.

ಹಿಂದಿನ ಸೀಟು ಖಾಲಿ ಇದೆ. ಬರುತ್ತೀಯಾ ಎಂದು ಕೇಳುವ ಮುಖ ನನಗಿಲ್ಲ. ಕೇಳುತ್ತಿದ್ದೇನೆ.

ಉಪ್ಪುಗಾಳಿಯಲ್ಲಿ,
ಕ್ಲಿಫ್


ಕ್ರೇಡ್ಲಿ ಹೀತ್
29 ಜೂನ್ 1988

ಕ್ಲಿಫ್,

ಒಗೆಯುವ ಕೋಣೆ ಸೋಮವಾರ ಹೋಯಿತು. ಚಹಾ ಕುಡಿದು ಮುಗಿಸುವುದರೊಳಗೆ ಹಿತ್ತಲು ಬಯಲಾಯಿತು. ನಿನ್ನ ಹಳೇ ಟ್ಯಾಂಕು ಟಿವಿ ಪಕ್ಕದಲ್ಲಿದೆ, ಫೋರ್ಕು ಕೋಟಿನ ಗೂಟದ ಹತ್ತಿರ ನಿಂತಿದೆ. ನಾರ್ಮನ್ ಒಂದು ದಿನ ಗೊಣಗಿದ, ಮರುದಿನ ಅದರ ಮೇಲೆ ಟೋಪಿ ಇಡಲು ಶುರು ಮಾಡಿದ.

ನಿನ್ನ ಲೋರಿಮರ್‌ನ ಕಾಗದ ನನಗೇ ಬಂತು. ಮೊದಲ ಬ್ಯಾಚಿನ ಸರಕು ಯಾವ ಸ್ಥಿತಿಯಲ್ಲಿದೆ, ಏನಾದರೂ ಬದಲಾವಣೆ ಆಗಿದೆಯೇ, ಕೊಡಲು ಸಿದ್ಧರಿದ್ದೀರಾ ಎಂದು ಬಹಳ ಮರ್ಯಾದೆಯಿಂದ ಕೇಳಿದ್ದಾನೆ. ನಾನೇ ಉತ್ತರ ಬರೆದೆ. ಮೊದಲ ಬ್ಯಾಚಿನದು ಈಗ ಬಾರ್ಮತ್‌ನಲ್ಲಿ ಕಡಲು ನೋಡುತ್ತಾ ಚಿಪ್ಸ್ ತಿನ್ನುತ್ತಿದೆ, ಐವತ್ತೆಂಟು ವರ್ಷವಾಗಿದೆ, ದೋಷಗಳೆಲ್ಲ ಹುಟ್ಟಿನಿಂದ ಬಂದವೇ, ತಿದ್ದಲು ನೋಡಿದವರಿಗೆ ಆಗಲಿಲ್ಲ, ಕೊಡುವುದಿಲ್ಲ ಎಂದು.

ಭಾನುವಾರ ಬಾ, ನಾನು ಚಾಪೆಲ್‌ಗೆ ಹೋಗುವುದಿಲ್ಲ. ಅಪ್ಪನ ಹಾಗೆ ನಾನೂ ಒಂದು ವಾರ ತಪ್ಪಿಸಿಕೊಳ್ಳುತ್ತೇನೆ. ಬಾಗಿಲ ಮೆಟ್ಟಿಲ ಮೇಲೆ ಕೂತಿರುತ್ತೇನೆ, ನಾರ್ಮನ್ನನ ದಪ್ಪ ಕೋಟು ಹಾಕಿಕೊಂಡು. ಹತ್ತುವಾಗ ಕೈ ಕೊಡು, ಮೊಣಕಾಲು ಅಷ್ಟು ಮಡಚುವುದಿಲ್ಲ.

ನಿನ್ನ ತಂಗಿ,
ಆಲಿವ್